ಗಡಗಿಯಲ್ಲಿ ಮೊಸರಾಗದ ಹಾಲು ಹೊಟ್ಟೆಗೆ ಹೋದರೆ?

ಹೋದ ತಿಂಗಳು ಮೂರು ದಿನ ನಮ್ಮ ಮನ್ಯಾಗ ಮೊಸರೇ ಆಗಲಿಲ್ಲ. ಗಡಗಿ ಬದಲಿಸಿದ್ವಿ, ಪಕ್ಕದ ಮನೆಯಿಂದ ಹೆಪ್ಪು ತಂದ್ವಿ. ಊಹೂಂ. ಕಡೆಗೆ ಅವ್ವ ಕೇಳಿದ್ಳು, "ಎಮ್ಮಿಗೆ ಏನರ ಔಷಧ ಹಾಕೀಯೇನೋ ತಮ್ಮಾ?"

ಹಾಕಿದ್ದೆ. ಕೆಚ್ಚಲು ಬಾವಿಗೆ ಮೊಲೆಯೊಳಗೆ ಟ್ಯೂಬ್ ಏರಿಸಿದ್ದೆ. ಬಾವು ಇಳೀತು, ಹಾಲು ಬೆಳ್ಳಗಾಯ್ತು ಅಂತ ಮರುದಿನದಿಂದಲೇ ಮನೆಗೂ ಬಳಸಿದೆ, ಡೇರಿಗೂ ಹಾಕಿದೆ.

ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಆ ಹುಳಿಗೇ ಹಾಲು ಗಟ್ಟಿಯಾಗೋದು. ಆಂಟಿಬಯಾಟಿಕ್‌ಗೆ ಕೆಚ್ಚಲು ಬಾವಿನ ಬ್ಯಾಕ್ಟೀರಿಯಾ ಯಾವುದು, ಹೆಪ್ಪಿನದು ಯಾವುದು ಅಂತ ಗೊತ್ತಾಗಲ್ಲ. ಕುದಿಸಿದರೆ ಹೋಗುತ್ತೆ ಅಂತ ನಾನೂ ತಿಳಿದಿದ್ದೆ. ಹಲವು ಔಷಧಗಳು ಕುದಿಸಿದರೂ ಉಳಿಯುತ್ತವೆ.

ನಮ್ಮ ಕರುಳೂ ಒಂದು ಗಡಗಿ ಇದ್ದಂಗ. ಅಲ್ಲಿ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ನಮಗೆ ಅರಗದ ಜ್ವಾಳದ ರೊಟ್ಟಿ, ಕಾಳುಗಳ ನಾರು ಅವುಗಳಿಗೆ ಊಟ. ಅದನ್ನು ತಿಂದು ಬ್ಯುಟಿರೇಟ್ ಎಂಬ ಆಮ್ಲ ಮಾಡಿ ದೊಡ್ಡ ಕರುಳಿನ ಜೀವಕೋಶಗಳಿಗೆ ಶಕ್ತಿ ಕೊಡುತ್ತವೆ, ರೋಗದ ಬ್ಯಾಕ್ಟೀರಿಯಾಕ್ಕೆ ಜಾಗ ಸಿಗದಂತೆ ನೋಡಿಕೊಳ್ಳುತ್ತವೆ. ಆಂಟಿಬಯಾಟಿಕ್ ಗುಳಿಗೆ ನುಂಗಿದಾಗ ಕೆಲವರಿಗೆ ಭೇದಿ ಆಗೋದು ಈ ವ್ಯವಸ್ಥೆ ಕೆಡುವುದರಿಂದ. ಹಾಲಿನಲ್ಲಿ ಉಳಿಯುವ ಔಷಧ ಗುಳಿಗೆಯಷ್ಟಿರಲ್ಲ, ಖರೆ. ಆದರೆ ಸ್ವಲ್ಪ ಸ್ವಲ್ಪ ಹೋಗ್ತಾ ಇದ್ದರೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಯಲು ದಾರಿಯಾಗುತ್ತದೆ. ಪೆನಿಸಿಲಿನ್ ಅಲರ್ಜಿ ಇದ್ದವರಿಗಂತೂ ಸ್ವಲ್ಪವೂ ಅಪಾಯ.

ಪ್ರೊಬಯಾಟಿಕ್ ಬಾಟಲಿ ಕೊಳ್ಳಬೇಕಾ ಅಂತ ಗೆಳೆಯರು ಕೇಳ್ತಾರೆ. ನನ್ನ ಮಟ್ಟಿಗೆ ಮೊಸರು, ಮಜ್ಜಿಗೆ ಸಾಕು. ಆ ಬ್ಯಾಕ್ಟೀರಿಯಾ ಕರುಳಿನಲ್ಲಿ ಬಹಳ ದಿನ ನಿಲ್ಲಲ್ಲ, ಅದಕ್ಕೇ ದಿನಾ ಬೇಕು. ಹಾಲು ಅರಗದವರಿಗೂ ಮೊಸರು ಹಗುರ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಎಮ್ಮೆ, ಆಕಳು ಕಟ್ಟಿದ ಗೆಳೆಯರೇ, ಟ್ಯೂಬ್ ಅಥವಾ ಇಂಜೆಕ್ಷನ್ ಲೇಬಲ್‌ನ ಫೋಟೊ ಮೊಬೈಲ್‌ನಲ್ಲಿ ತೆಗೆದಿಡಿ. ಎಷ್ಟು ದಿನ ಹಾಲು ಬಳಸಬಾರದು ಅಂತ ಅದರಲ್ಲಿ ನೋಡಿ. ಅವಧಿ ನಿಗದಿಯಾಗಿರದ ಔಷಧಕ್ಕೆ 2012ರ ಕೇಂದ್ರ ನಿಯಮದಂತೆ ಕನಿಷ್ಠ 7 ದಿನ. ಕೊನೆಯ ಡೋಸ್‌ನಿಂದ ಎಣಿಸಿ, ಅಲಾರಾಂ ಇಡಿ. ಒಂದೇ ಮೊಲೆಗೆ ಟ್ಯೂಬ್ ಹಾಕಿದ್ದರೂ ನಾಲ್ಕೂ ಮೊಲೆಯ ಹಾಲು ಬೇಡ. ಡೇರಿ ಕ್ಯಾನಿಗೂ ಬೇಡ, ನಿಮ್ಮದೊಂದು ಲೀಟರ್ ಇಡೀ ಕ್ಯಾನಿಗೆ ಸೇರುತ್ತದೆ.

ಇನ್ನೊಂದು ಮಾತು. ಚಳಿ, ವಿಪರೀತ ಬಿಸಿ ಹಾಲು, ಹಳೇ ಹೆಪ್ಪು ಇದ್ದರೂ ಮೊಸರಾಗಲ್ಲ. ಹಾಗೇ, ಮೊಸರಾಯ್ತು ಅಂದಾಕ್ಷಣ ಔಷಧ ಪೂರ್ತಿ ಹೋಗಿದೆ ಅಂತಲೂ ಅಲ್ಲ. ದಿನ ಎಣಿಸೋದೇ ಖಾತ್ರಿ.

ನಮ್ಮ ಟ್ಯೂಬಿನ ಲೇಬಲ್ ನಾನು ಆಗಲೇ ತಿಪ್ಪೆಗೆ ಎಸೆದಿದ್ದೆ. ಹಂಗಾಗಿ ಪೂರ್ತಿ 7 ದಿನ ಹಾಲು ಚೆಲ್ಲಿದೆ, ಕರುವಿಗೂ ಕುಡಿಸಲಿಲ್ಲ. 8ನೇ ದಿನ ಅವ್ವ ಮತ್ತೆ ಹೆಪ್ಪು ಹಾಕಿದ್ಳು.