ಭಕ್ಷೀಸೂ ಕನಿಷ್ಠ ವೇತನವೂ

ಊಟ ಮುಗಿಸಿ ಏಳುವಾಗ ಬಡಿಸಿದವನಿಗೆಂದು ನಾಲ್ಕು ಕಾಸು ಬಿಟ್ಟು ಬರುವುದು ನಮ್ಮಲ್ಲಿ ಗಿರಾಕಿಯ ಔದಾರ್ಯಕ್ಕೆ ಸೇರಿದ ಮಾತು. ಕೊಟ್ಟರೆ ಸಂತೋಷ, ಕೊಡದಿದ್ದರೆ ಕೇಳುವವರಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಾದರೋ ಈ ಭಕ್ಷೀಸಿಗೆ ಶಾಸನದಲ್ಲಿಯೇ ಒಂದು ಸ್ಥಾನವಿದೆ. ಅಲ್ಲಿ ಅದನ್ನು ಕೆಲಸಗಾರನ ಕನಿಷ್ಠ ವೇತನದೊಳಗೆ ಲೆಕ್ಕ ಹಿಡಿಯಬಹುದು. ಎಂದರೆ, ಮಾಲೀಕನು ತೆರಬೇಕಾದ ಕೂಲಿಯ ಬಹುಪಾಲನ್ನು ಗಿರಾಕಿ ತೆರುತ್ತಾನೆ. ತಾನು ಕೂಲಿ ತೆರುತ್ತಿದ್ದೇನೆಂಬುದು ಅವನಿಗೆ ತಿಳಿದಿರಬೇಕೆಂದೇನೂ ಇಲ್ಲ.

ದುಡಿಮೆಗೆ ಸರ್ಕಾರ ಕನಿಷ್ಠ ಬೆಲೆಯನ್ನು ಗೊತ್ತುಮಾಡಬಹುದೇ ಎಂಬುದೇ ಆ ದೇಶದಲ್ಲಿ ಬಹುಕಾಲ ವಿವಾದದ ವಿಷಯವಾಗಿತ್ತು. ರಾಜಧಾನಿಯಲ್ಲಿ ಹೆಂಗಸರಿಗೆ ಕನಿಷ್ಠ ವೇತನ ವಿಧಿಸಿದ್ದ ಕಾನೂನನ್ನು ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತಳ್ಳಿಹಾಕಿತು. ಇಂತಿಷ್ಟಕ್ಕೆ ದುಡಿಯುತ್ತೇನೆಂದು ಒಪ್ಪಿಕೊಳ್ಳುವ ಸ್ವಾತಂತ್ರ್ಯಕ್ಕೆ ಅದರಿಂದ ಭಂಗವೆಂಬುದು ಕಾರಣ. ಹಸಿದವರಿಗೆ ಆ ಸ್ವಾತಂತ್ರ್ಯದಿಂದ ಏನು ಪ್ರಯೋಜನವೋ! ಈ ನಿಲುವನ್ನು ಬುಡಮೇಲು ಮಾಡಿದ್ದು ಎಲ್ಸಿ ಪ್ಯಾರಿಷ್ ಎಂಬಾಕೆಯ ಮೊಕದ್ದಮೆ. ವಾಷಿಂಗ್ಟನ್ ರಾಜ್ಯದ ವೆನಾಚಿ ಎಂಬ ಊರಿನ ಹೋಟೆಲೊಂದರಲ್ಲಿ ಆಕೆ ಕೋಣೆಗಳನ್ನು ಚೊಕ್ಕಟಮಾಡುವ ಕೆಲಸದಲ್ಲಿದ್ದಳು. ರಾಜ್ಯದ ನಿಯಮದಂತೆ 48 ಗಂಟೆಯ ವಾರಕ್ಕೆ 14 ಡಾಲರು 50 ಸೆಂಟು ಸಲ್ಲಬೇಕಿತ್ತು. ಸಂದದ್ದು ಅದಕ್ಕಿಂತ ಕಡಿಮೆ. ಬಾಕಿ 216 ಡಾಲರು 19 ಸೆಂಟಿಗಾಗಿ ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1937ರಲ್ಲಿ ಐವರು ನ್ಯಾಯಾಧೀಶರು ಆಕೆಯ ಪರವಾಗಿ ನಿಂತರು, ನಾಲ್ವರು ವಿರೋಧಿಸಿದರು. ಮರುವರ್ಷವೇ ಇಡೀ ದೇಶಕ್ಕೆ ಅನ್ವಯಿಸುವ ಶಾಸನ ಬಂದು, ಗಂಟೆಗೆ 25 ಸೆಂಟಿನ ಕನಿಷ್ಠ ದರ ಜಾರಿಯಾಯಿತು.

ವಿಪರ್ಯಾಸವೆಂದರೆ, ಹೋಟೆಲು ಉಪಾಹಾರಗೃಹಗಳ ಕೆಲಸಗಾರರು ಹೆಚ್ಚಿನಂಶ ಆ ಶಾಸನದ ಹೊರಗೇ ಉಳಿದರು. 1966ರ ತಿದ್ದುಪಡಿ ಅವರಲ್ಲಿ ಅನೇಕರನ್ನು ಒಳಗೆ ಕರೆದುಕೊಂಡಿತು. ಕರೆದುಕೊಳ್ಳುವಾಗಲೇ, ಕನಿಷ್ಠ ವೇತನದ ಅರ್ಧದವರೆಗೆ ಭಕ್ಷೀಸಿನಿಂದ ತುಂಬಿಕೊಳ್ಳಬಹುದೆಂದು ಮಾಲೀಕರಿಗೆ ಅನುಕೂಲವನ್ನೂ ಮಾಡಿಕೊಟ್ಟಿತು.

ಈಗಿನ ಲೆಕ್ಕವನ್ನು ನೋಡೋಣ. ದೇಶದ ಸಾಮಾನ್ಯ ಕನಿಷ್ಠ ದರ ಗಂಟೆಗೆ 7 ಡಾಲರು 25 ಸೆಂಟು. 2009ರ ಜುಲೈಯಿಂದ ಅದು ಬದಲಾಗಿಲ್ಲ. ವಾಡಿಕೆಯಾಗಿ ತಿಂಗಳಿಗೆ 30 ಡಾಲರಿಗಿಂತ ಹೆಚ್ಚು ಭಕ್ಷೀಸು ಪಡೆಯುವವರಿಗೆ ಮಾಲೀಕನು ತನ್ನ ಕೈಯಿಂದ 2 ಡಾಲರು 13 ಸೆಂಟು ಕೊಟ್ಟರೆ ಸಾಕು. 40 ಗಂಟೆಯ ವಾರಕ್ಕೆ ಇದು 85 ಡಾಲರು 20 ಸೆಂಟು. ಕನಿಷ್ಠ ವೇತನವಾದರೋ 290 ಡಾಲರು. ನಡುವಿನ 204 ಡಾಲರು 80 ಸೆಂಟು ಭಕ್ಷೀಸಿನಿಂದ ಬರಬೇಕು. 150 ಡಾಲರು ಮಾತ್ರ ಬಂದಿದ್ದರೆ ಉಳಿದ 54 ಡಾಲರು 80 ಸೆಂಟನ್ನು ಮಾಲೀಕನೇ ತುಂಬಿಕೊಡಬೇಕೆಂಬುದು ಕಟ್ಟಳೆ.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕೊರತೆಯನ್ನು ದಿನದಿನಕ್ಕೆ ನೋಡುವುದಿಲ್ಲ, ಇಡೀ ವಾರಕ್ಕೆ ನೋಡುತ್ತಾರೆ. ಸೋಮವಾರ ಗಿರಾಕಿಗಳಿಲ್ಲದೆ ಕಾದು ನಿಂತದ್ದೂ ಶಾಸನದ ದೃಷ್ಟಿಯಲ್ಲಿ ದುಡಿಮೆಯ ಗಂಟೆಯೇ. ಆ ಗಂಟೆಗಳ ಕೊರತೆಯನ್ನು ಶನಿವಾರದ ಭಕ್ಷೀಸು ತೀರಿಸುತ್ತದೆ. ಶನಿವಾರ ಗಿರಾಕಿ ಧಾರಾಳಿಯಾದಷ್ಟೂ ಸೋಮವಾರದ ಹೊರೆ ಮಾಲೀಕನಿಗೆ ಇಳಿಯುತ್ತದೆ. ಕೊರತೆ ಬಿದ್ದ ವಾರದಲ್ಲಿ ತುಂಬಿಕೊಡಿರೆಂದು ಕೇಳಬೇಕಾದವರು, ಮುಂದಿನ ವಾರ ಒಳ್ಳೆಯ ಪಾಳಿ ಸಿಗಲೆಂದು ಅದೇ ಮಾಲೀಕನ ಮುಖ ನೋಡಬೇಕಾದವರು. ಕಟ್ಟಳೆಯ ಬಲವೆಲ್ಲ ಇಲ್ಲಿ ಸೋರಿಹೋಗುತ್ತದೆಂದು ನನ್ನ ಎಣಿಕೆ. ಭಕ್ಷೀಸನ್ನು ಮಾಲೀಕನೂ ಮೇಲ್ವಿಚಾರಕನೂ ಇಟ್ಟುಕೊಳ್ಳಕೂಡದೆಂದು 2018ರಲ್ಲಿ ಸ್ಪಷ್ಟವಾಗಿ ವಿಧಿಸಿದ್ದು ಒಳ್ಳೆಯದೇ ಆಯಿತು.

ಎಳೆಯರಿಗೂ ಒಂದು ಪ್ರತ್ಯೇಕ ದರವಿದೆ. 20 ವರ್ಷ ತುಂಬದವರಿಗೆ, ಒಬ್ಬ ಮಾಲೀಕನಲ್ಲಿ ಸೇರಿದ ಮೊದಲ 90 ದಿನ, ಗಂಟೆಗೆ 4 ಡಾಲರು 25 ಸೆಂಟು ಕೊಡಬಹುದು. ಈ 90 ದಿನಗಳನ್ನು ಪಂಚಾಂಗದಂತೆ ಎಣಿಸಬೇಕು. ವಾರಕ್ಕೆ ಒಂದೇ ದಿನ ದುಡಿಯುವ ವಿದ್ಯಾರ್ಥಿಗೂ ಅವಧಿ ಅಷ್ಟರಲ್ಲೇ ಮುಗಿಯುತ್ತದೆ. ಎಳೆಯರನ್ನು ಅಗ್ಗಕ್ಕೆ ತಂದು ಹಳಬರನ್ನು ಹೊರಹಾಕುವುದು ನಿಷಿದ್ಧ.

4 ಡಾಲರು 25 ಸೆಂಟು ಎಲ್ಲಿಂದ ಬಂತು? 1991ರ ಏಪ್ರಿಲಿನಲ್ಲಿ ಜಾರಿಗೆ ಬಂದ ಸಾಮಾನ್ಯ ಕನಿಷ್ಠ ದರವೇ ಅದು. ಭಕ್ಷೀಸಿನವರ 2 ಡಾಲರು 13 ಸೆಂಟು ಅದರದೇ ಅರ್ಧ. 1996ರ ತಿದ್ದುಪಡಿ ಸಾಮಾನ್ಯ ದರವನ್ನು ಮೇಲೇರಿಸಿತು. ಆದರೆ ಅರ್ಧವೆಂಬ ಸಂಬಂಧವನ್ನು ಕಡಿದು ಭಕ್ಷೀಸಿನವರನ್ನು ಹಳೆಯ ಅಂಕಿಯಲ್ಲೇ ಕಟ್ಟಿಹಾಕಿತು. ಎಳೆಯರಿಗೂ ಅದೇ ಹಳೆಯ ದರವನ್ನು ಗೊತ್ತುಮಾಡಿತು. ಆಗ ಅರ್ಧವಿದ್ದ ಮಾಲೀಕನ ಪಾಲು ಈಗ ಮೂರರಲ್ಲೊಂದಕ್ಕೂ ಕಡಿಮೆ. ದರ ಏರಿದಂತೆಲ್ಲ ಏರಿದ ಭಾಗವನ್ನು ಹೊತ್ತದ್ದು ಗಿರಾಕಿಯ ಜೇಬು.

ರಾಜ್ಯಗಳು ಇದಕ್ಕಿಂತ ಹೆಚ್ಚಿನ ದರವನ್ನು ವಿಧಿಸಬಹುದು, ಹಲವು ವಿಧಿಸಿಯೂ ಇವೆ. ಕ್ಯಾಲಿಫೋರ್ನಿಯ, ಆರೆಗಾನ್, ನೆವಾಡ, ಮಿನ್ನೆಸೋಟ, ಮೊಂಟಾನ, ಅಲಾಸ್ಕ, ವಾಷಿಂಗ್ಟನ್ ಈ ಏಳರಲ್ಲಿ ಭಕ್ಷೀಸನ್ನು ಕೂಲಿಗೆ ವಜಾ ಹಾಕುವ ಪದ್ಧತಿಯೇ ಇಲ್ಲ. ಎಲ್ಸಿ ಪ್ಯಾರಿಷ್‌ಳ ವಾಷಿಂಗ್ಟನ್ ರಾಜ್ಯದಲ್ಲಿ ಕನಿಷ್ಠ ದರ ದೇಶದ ದರದ ಎರಡರಷ್ಟಕ್ಕಿಂತಲೂ ಹೆಚ್ಚು. ಅದನ್ನು ಪೂರ್ತಿಯಾಗಿ ಮಾಲೀಕನೇ ತೆರಬೇಕು, ಮೇಜಿನ ಮೇಲೆ ಬಿಟ್ಟುಹೋದ ಕಾಸು ಅದರ ಮೇಲಿನದು.