ಸಂವಿಧಾನವನ್ನು ಓದುವ ಎರಡು ಬಗೆ

ನಮ್ಮ ವಿಶ್ವಾಸವನ್ನು ಇನ್ನೊಬ್ಬರಿಗೆ ಸಾರುವ ಹಕ್ಕು ನಮಗಿದೆಯೇ? ಇದಕ್ಕೆ ಉತ್ತರ, ನ್ಯಾಯಾಲಯ ಸಂವಿಧಾನವನ್ನು ಹೇಗೆ ಓದುತ್ತದೆ ಎಂಬುದನ್ನು ಅವಲಂಬಿಸಿದೆ. ಪದದಲ್ಲಿರುವಷ್ಟೇ ಅರ್ಥ ಎನ್ನುವುದು ಬಿಗಿ ವ್ಯಾಖ್ಯಾನ. ಪದದ ಹಿಂದಿನ ಆಶಯವನ್ನೂ ಗಮನಿಸಿ ಅರ್ಥ ವಿಸ್ತರಿಸುವುದು ಉದಾರ ವ್ಯಾಖ್ಯಾನ.

25ನೇ ವಿಧಿಯು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ನೀಡಿದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 'ಪ್ರಚಾರ'ವನ್ನು ಬಿಗಿಯಾಗಿ ಓದಿತು. ನಮ್ಮ ಧರ್ಮದ ತತ್ವಗಳನ್ನು ವಿವರಿಸಿ ಹರಡಬಹುದು, ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಮೂಲಭೂತ ಹಕ್ಕಲ್ಲ ಎಂದಿತು. ಮಧ್ಯಪ್ರದೇಶ ಮತ್ತು ಆಗಿನ ಒರಿಸ್ಸಾದ ಮತಾಂತರ ಕಾಯ್ದೆಗಳನ್ನು ಎತ್ತಿಹಿಡಿಯಿತು.

ಮರುವರ್ಷ, 1978ರಲ್ಲಿ, ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣದಲ್ಲಿ ಅದೇ ನ್ಯಾಯಾಲಯ 21ನೇ ವಿಧಿಯನ್ನು ಉದಾರವಾಗಿ ಓದಿತು. ಸ್ವಾತಂತ್ರ್ಯವನ್ನು ಕಸಿಯಲು ಕಾನೂನಿದ್ದರೆ ಸಾಲದು, ಅದರ ಕ್ರಮವೂ ನ್ಯಾಯಯುತವಾಗಿರಬೇಕು ಎಂದಿತು.

ಹಾಗೆಂದು ಬಿಗಿ ಓದು ಸದಾ ನಮಗೆ ವಿರುದ್ಧವೆಂದು ತಿಳಿಯಬಾರದು. ಅಲ್ಪಸಂಖ್ಯಾತರು 'ತಮ್ಮ ಇಷ್ಟದ' ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದೆಂಬ 30ನೇ ವಿಧಿಯ ಅಕ್ಷರವೇ ನಮ್ಮ ಶಾಲೆಗಳಿಗೆ ಮೊದಲ ರಕ್ಷೆ. ನಮಗೆ ಅನುಕೂಲವಾದಾಗ ಅಕ್ಷರ, ಬೇಕಾದಾಗ ಆಶಯ ಎನ್ನುವುದು ನ್ಯಾಯವಲ್ಲ. ಆದ್ದರಿಂದ ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ನಾವೆಲ್ಲರೂ ಮೊದಲು ವಿಧಿಯನ್ನೂ ನಂತರ ತೀರ್ಪನ್ನೂ ಓದೋಣ. ಹಕ್ಕಿನ ಮೇರೆ ತಿಳಿದಿದ್ದರೆ ಅಳುಕಿಲ್ಲದೆ ಸಾಕ್ಷಿ ನೀಡಬಹುದು.