ಫೋನಿನ ಆ ತುದಿಯಲ್ಲಿ ಯಾರಿದ್ದರು?

ಓದುಗರೊಬ್ಬರು ಕೇಳಿದ್ದಾರೆ: ‘ಕೊರೊನಾ ಕಾಲದಲ್ಲಿ ಎಲ್ಲ ಮಕ್ಕಳಿಗೂ ಒಳ್ಳೆಯ ಮೊಬೈಲು, ಒಳ್ಳೆಯ ನೆಟ್‌ವರ್ಕು ಸಿಕ್ಕಿದ್ದರೆ ಕಲಿಕೆ ಇಷ್ಟು ಕೆಡುತ್ತಿರಲಿಲ್ಲ ಅಲ್ಲವೇ?’ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಕೂತ ಮಲೆನಾಡಿನ ಮಕ್ಕಳನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಈ ಊಹೆಯನ್ನು ಒರೆಗೆ ಹಚ್ಚಲು ನೆದರ್ಲೆಂಡ್ಸ್ ಎಂಬ ಇಡೀ ದೇಶವೇ ಇದೆ.

ಅಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದ ಮನೆಯನ್ನು ಹುಡುಕಬೇಕು. 2020ರಲ್ಲಿ ಶಾಲೆ ಮುಚ್ಚಿದ್ದೂ ಬರೀ 8 ವಾರ. ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಪರೀಕ್ಷೆ ಆ ವರ್ಷ ಬೀಗ ಬೀಳುವ ಮುಂಚೆ ಒಮ್ಮೆ, ಬೀಗ ತೆಗೆದ ಮೇಲೆ ಇನ್ನೊಮ್ಮೆ ನಡೆಯಿತು. ಸಂಶೋಧಕ ಪೆರ್ ಎಂಗ್ಜೆಲ್ ಮತ್ತು ಸಂಗಡಿಗರು ಸುಮಾರು ಮೂರೂವರೆ ಲಕ್ಷ ಮಕ್ಕಳ ಅಂಕಗಳನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಿದರು. ನಷ್ಟ ಒಂದು ಶಾಲಾ ವರ್ಷದ ಐದನೇ ಒಂದು ಭಾಗ. 8 ವಾರವೆಂದರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮನೆಯಲ್ಲಿ ಕೂತು ಕಲಿತದ್ದು ಸರಾಸರಿಯಲ್ಲಿ ಸೊನ್ನೆಗೆ ಹತ್ತಿರ! ಅಪ್ಪ ಅಮ್ಮ ಹೆಚ್ಚು ಓದಿರದ ಮನೆಗಳಲ್ಲಿ ನಷ್ಟ ಶೇ. 60ರವರೆಗೂ ಜಾಸ್ತಿ.

ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ ಇದನ್ನು ಕೇಳಿದ್ದರೆ ಅಚ್ಚರಿಪಡುತ್ತಿರಲಿಲ್ಲ. ದಿನಸಿ ಹೊತ್ತು ತರುವ ಲಾರಿಯಿಂದ ಮೈಗೆ ಪುಷ್ಟಿ ಬರುವುದಿಲ್ಲ, ಪಾಠ ತಲುಪಿಸುವ ಮಾಧ್ಯಮವೂ ಹಾಗೇ ಬರೀ ಸಾಗಣೆಯ ವಾಹನ ಎಂದು ಅವರು 1983ರಲ್ಲೇ ವಾದಿಸಿದ್ದರು. ಅದೇ ಕ್ಷೇತ್ರದ ರಾಬರ್ಟ್ ಕೋಜ್ಮಾ ಇದನ್ನು ಒಪ್ಪದೆ ವರ್ಷಗಟ್ಟಲೆ ಜಗಳವಾಡಿದರು. ನನ್ನ ಮತ ಕ್ಲಾರ್ಕ್ ಕಡೆಗೆ.

ದೂರಪಾಠದ ಈ ಲಾರಿ ಹಳೆಯದು. 1937ರ ಸೆಪ್ಟೆಂಬರಿನಲ್ಲಿ ಪೋಲಿಯೊ ಹಬ್ಬಿ ಷಿಕಾಗೊ ನಗರದ ಶಾಲೆಗಳು ಸಮಯಕ್ಕೆ ತೆರೆಯಲಿಲ್ಲ. ನಗರದ ಶಾಲೆಗಳ ಮುಖ್ಯಸ್ಥ ವಿಲಿಯಂ ಜಾನ್ಸನ್ ರೇಡಿಯೊ ಶಾಲೆ ಶುರು ಮಾಡಿದರು. 3ರಿಂದ 8ನೇ ತರಗತಿಯ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕಾಲು ಗಂಟೆಯ ಪಾಠಗಳು. ಸ್ಥಳೀಯ ರೇಡಿಯೊ ಕೇಂದ್ರಗಳು ಸಮಯ ಕೊಟ್ಟವು, ಪತ್ರಿಕೆಗಳು ಬೆಳಿಗ್ಗೆಯೇ ವೇಳಾಪಟ್ಟಿ ಅಚ್ಚು ಹಾಕಿದವು. ಕೊರೊನಾ ಕಾಲದಲ್ಲಿ ನಮ್ಮ ಚಂದನ ವಾಹಿನಿಯಲ್ಲಿ ಬಂದ ‘ಸಂವೇದ’ ಪಾಠಗಳಿಗೆ ಇದೇ ಮುತ್ತಜ್ಜ ಎನ್ನಿ. ರೇಡಿಯೊ ಇಲ್ಲದ ಮನೆ, ಕರಕರ ಸದ್ದು, ಓಡುವ ಪಾಠವನ್ನು ನಿಲ್ಲಿಸಿ ಕೇಳಲಾಗದ ಸಂಕಟ, ಎಲ್ಲವೂ ಆಗಲೇ ಇತ್ತು. ನನಗೆ ಇಷ್ಟವಾದ ವಿವರ ಬೇರೆ. ಮಕ್ಕಳ ಸಂದೇಹಗಳಿಗೆ ಉತ್ತರಿಸಲು ಶಿಕ್ಷಕರನ್ನು ಟೆಲಿಫೋನಿನ ಮುಂದೆ ಕೂರಿಸಿದ್ದರು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆ ಬಂದು ಇನ್ನಷ್ಟು ಶಿಕ್ಷಕರನ್ನು ಕರೆಸಬೇಕಾಯಿತು.

ಆ ಟೆಲಿಫೋನಿನ ಬೆಲೆ ಎಷ್ಟೆಂದು ಅಳೆದು ತೋರಿಸಿದ್ದು 2020ರ ಬೋಟ್ಸ್ವಾನಾ. ಸಂಶೋಧಕ ನೋಮ್ ಆಂಗ್ರಿಸ್ಟ್ ತಂಡ ಸುಮಾರು 4,500 ಮನೆಗಳನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿತು. ಒಂದು ಪಾಲಿಗೆ ವಾರಕ್ಕೊಮ್ಮೆ ಎಸ್ಸೆಮ್ಮೆಸ್ಸಿನಲ್ಲಿ ಲೆಕ್ಕ. ಇನ್ನೊಂದಕ್ಕೆ ಎಸ್ಸೆಮ್ಮೆಸ್ ಜೊತೆಗೆ 15–20 ನಿಮಿಷದ ಫೋನು; ಪೋಷಕರನ್ನೂ ಮಗುವನ್ನೂ ಕೂರಿಸಿಕೊಂಡು ಲೆಕ್ಕ ಬಿಡಿಸುವುದು. ಮೂರನೆಯದಕ್ಕೆ ಏನೂ ಇಲ್ಲ. ಬರೀ ಎಸ್ಸೆಮ್ಮೆಸ್ಸಿನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕರೆ ಹೋದ ಮನೆಗಳಲ್ಲಿ ಮಕ್ಕಳ ಲೆಕ್ಕ ಸುಧಾರಿಸಿತು. ಸಾಧಾರಣ ಫೋನೇ ಸಾಕಾಗಿತ್ತು. ಮುಂದೆ ಭಾರತ, ನೇಪಾಳ, ಕೀನ್ಯಾ ಸೇರಿ ಐದು ದೇಶಗಳಲ್ಲಿ ಇದೇ ಪ್ರಯೋಗ ಮಾಡಿದಾಗಲೂ ಫಲ ಕೊಟ್ಟಿತು.

ನಮ್ಮಲ್ಲಿ? ಗ್ರಾಮೀಣ ಶಿಕ್ಷಣದ ಸ್ಥಿತಿ ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ 2018ರಲ್ಲಿ ಗ್ರಾಮೀಣ ಶಾಲಾಮಕ್ಕಳ ಪೈಕಿ ಶೇ. 36.5ರಷ್ಟು ಮಂದಿಯ ಮನೆಗಳಲ್ಲಿದ್ದ ಸ್ಮಾರ್ಟ್‌ಫೋನು 2020ಕ್ಕೆ ಶೇ. 61.8ಕ್ಕೆ ಏರಿತ್ತು. ಆದರೂ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ಶೇ. 92 ಮಕ್ಕಳು ಭಾಷೆಯಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಸಾಮರ್ಥ್ಯ ಮರೆತಿದ್ದರು. ಗಣಿತದಲ್ಲಿ ಶೇ. 82.

ಮನುಷ್ಯರೇ ಮಕ್ಕಳ ಬಳಿಗೆ ಹೋದ ಉದಾಹರಣೆಯೂ ನಮ್ಮಲ್ಲೇ ಇದೆ. 2020ರ ಆಗಸ್ಟಿನಲ್ಲಿ ಶುರುವಾದ ಕರ್ನಾಟಕ ಸರ್ಕಾರದ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ದೇವಸ್ಥಾನದ ಜಗಲಿಗೆ, ಸಮುದಾಯ ಭವನಕ್ಕೆ, ಮರದ ನೆರಳಿಗೆ ಹೋಗಿ ಪಾಠ ಮಾಡಿದರು. ಜನ ವಠಾರ ಶಾಲೆ ಎಂದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದು ನಿಂತಿತು. ನಿಲ್ಲಿಸಿದ್ದು ತಪ್ಪೆನ್ನಲಾರೆ, ಆದರೆ ನಿಂತ ಜಾಗಕ್ಕೆ ಪ್ರತಿ ಮನೆಗೂ ವಾರಕ್ಕೊಂದು ಕರೆ ಹೋಗಬಹುದಿತ್ತು. ಇನ್ನೊಮ್ಮೆ ಶಾಲೆ ಮುಚ್ಚುವ ಕಾಲ ಬಂದರೆ ಇಲಾಖೆ ಮೊದಲು ಶಿಕ್ಷಕರಿಗೆ ಮಕ್ಕಳ ಮನೆಯ ನಂಬರುಗಳನ್ನೂ ಫೋನಿಗೆ ಕರೆನ್ಸಿಯನ್ನೂ ಕೊಡಲಿ. ಟ್ಯಾಬಿನ ಟೆಂಡರು ಆಮೇಲೆ ಕರೆಯಬಹುದು.